ಚತುಚಕ್ ಮಾರ್ಕೆಟ್‌ಗೆ ಬರುವವರ ಗಮನಕ್ಕೆ

ನಮ್ಮ ಪ್ರವಾಸದ ಗುಂಪಿನ ಎಲ್ಲರಿಗೂ ನಮಸ್ಕಾರ. ಬ್ಯಾಂಕಾಕ್‌ನ ಚತುಚಕ್ ಮಾರ್ಕೆಟ್ ಪೂರ್ತಿ ತೆರೆದಿರುವುದು ಶನಿವಾರ, ಭಾನುವಾರ ಮಾತ್ರ. ಬಿಟಿಎಸ್ ಮೇಲ್ಸೇತುವೆ ರೈಲಿನ ಮೋ ಚಿಟ್ ಸ್ಟೇಷನ್‌ನಲ್ಲಿ ಇಳಿಯಿರಿ. ಒಳಗೆ ಸಾವಿರಾರು ಅಂಗಡಿಗಳಿವೆ, ತಪ್ಪಿಸಿಕೊಂಡರೆ ಮಧ್ಯದ ಗಡಿಯಾರ ಗೋಪುರದ ಹತ್ತಿರ ಬನ್ನಿ.

ಚೌಕಾಸಿ ಮಾಡಿ, ಆದರೆ ನಗುನಗುತ್ತಾ, ಮೆಲುದನಿಯಲ್ಲಿ. ಭಾಷೆ ಬರದಿದ್ದರೂ ಪರವಾಗಿಲ್ಲ, ಕ್ಯಾಲ್ಕುಲೇಟರ್‌ನಲ್ಲಿ ಬೆಲೆ ಒತ್ತಿ ತೋರಿಸಿದರೆ ಸಾಕು. ಜಾಸ್ತಿ ತಗೊಂಡರೆ ದರ ಇಳಿಸುತ್ತಾರೆ. ನಾವು ಇಷ್ಟು ಜನ ಇದ್ದೇವೆ, ಟೀ ಶರ್ಟು, ಬ್ಯಾಗು ಒಂದೇ ಅಂಗಡಿಯಲ್ಲಿ ಕೊಳ್ಳಬಹುದು ಅಲ್ವಾ? ನೀವು ಕೇಳಿದ ಬೆಲೆಗೆ ಅವರು ಒಪ್ಪಿದ ಮೇಲೆ ದಯವಿಟ್ಟು ಬೇಡ ಎನ್ನಬೇಡಿ. ಸುಮ್ನೆ ಅವರ ಹೊತ್ತು ಹಾಳು. ಊಟ, ತಿಂಡಿಗೆ ಚೌಕಾಸಿ ಬೇಡವೇ ಬೇಡ.

ಬುದ್ಧನ ವಿಗ್ರಹ ಮಾತ್ರ ಕೊಳ್ಳಬೇಡಿ. ಅದನ್ನು ಥಾಯ್ಲೆಂಡ್‌ನಿಂದ ಹೊರಗೆ ತರಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು. 20, 50, 100 ಬಾತ್ ನೋಟುಗಳನ್ನು ಇಟ್ಟುಕೊಂಡು ಬನ್ನಿ.