ಗಡ್ಡಿಯ ಜಾಲಿ ಕೀಳಲು ಜೆಸಿಬಿ ಬೇಡ, ಕೂಲಿ ಕೊಡಿ: ಯಾದಗಿರಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನದಿ ನಡುವಿನ ನಡುಗಡ್ಡೆಗೆ ನಾವು ಗಡ್ಡಿ ಅನ್ನುತ್ತೇವೆ. ನಮ್ಮ ಜಿಲ್ಲೆಯಲ್ಲಿ ಗಡ್ಡಿ ಅಂದರೆ ಎಲ್ಲರಿಗೂ ನೆನಪಾಗುವುದು ನೀಲಕಂಠರಾಯನಗಡ್ಡಿ. ಬಸವಸಾಗರ ಜಲಾಶಯದಿಂದ ಜಾಸ್ತಿ ನೀರು ಬಿಟ್ಟಾಗ ಅದು ಸುದ್ದಿಗೆ ಬರುತ್ತದೆ. ಅಲ್ಲಿ ಜನ ಇದ್ದಾರೆ, ಸುದ್ದಿಯಾಗಲೇಬೇಕು. ನಾನು ಬರೆಯುತ್ತಿರುವುದು ಜನ ಇಲ್ಲದ ಗಡ್ಡಿಯ ಬಗ್ಗೆ. ನಮ್ಮೂರ ಎದುರಿಗೆ, ಕೃಷ್ಣೆಯ ನಡುವೆ, ಬಂಡೆ ಮತ್ತು ಮರಳಿನ ಸಣ್ಣ ಜಾಗ ಅದು. ಈಗ ಅದರ ಮೇಲೆ ಬಳ್ಳಾರಿ ಜಾಲಿ ಎಂಬ ಮುಳ್ಳುಗಿಡ ಹಬ್ಬಿದೆ. ಊರಿನ ಹುಡುಗರು, ಮೀನು ಹಿಡಿಯುವವರು, ಒಂದಿಬ್ಬರು ಕುರಿಗಾರರು ಸೇರಿ ನದಿ ಇಳಿದಾಗ ಕೀಳುತ್ತಿದ್ದೇವೆ.

ಜಾಲಿ ಎಲ್ಲ ಕಡೆ ಇದೆಯಲ್ಲ, ಗಡ್ಡಿಯದೇ ಯಾಕೆ ಎಂದು ನೀವು ಕೇಳಬಹುದು. ಊರ ಸುತ್ತಲಿನ ಜಾಲಿಯ ಜೊತೆ ನಮಗೆ ಜಗಳ ಇಲ್ಲ. ಬಡವರ ಒಲೆ ಅದರಿಂದಲೇ ಉರಿಯುತ್ತದೆ, ಇದ್ದಿಲು ಸುಡುವವರಿಗೆ ಅದೇ ಅನ್ನ. ದಯವಿಟ್ಟು 'ಜಾಲಿಮುಕ್ತ ಜಿಲ್ಲೆ' ಅಂತ ಫಲಕ ಹಾಕಿಸಬೇಡಿ. ಗಡ್ಡಿಯ ಮಾತು ಬೇರೆ. ನದಿ ರೀವ ಎಂಬ ಹಕ್ಕಿ ಬೇಸಿಗೆಯಲ್ಲಿ ಇಂಥ ಕಡೆ ಬರೀ ಮರಳಿನ ಮೇಲೆ ಮೊಟ್ಟೆ ಇಡುತ್ತದೆ. ಗೂಡು ಅಂದರೆ ಒಂದು ಸಣ್ಣ ತಗ್ಗು, ಅಷ್ಟೇ. ಸುತ್ತ ಬಯಲಿದ್ದರೆ ನಾಯಿ, ನರಿ ಬರುವುದು ದೂರದಿಂದಲೇ ಕಾಣುತ್ತದೆ. ಮುಳ್ಳುಕಂಟಿ ಬೆಳೆದ ಮೇಲೆ ಬಯಲು ಎಲ್ಲಿ ಉಳಿಯಿತು?

ಈ ಗಿಡ ಅಮೆರಿಕ ಖಂಡದ್ದು. ಸೌದೆಗೆ ಆಗುತ್ತದೆ ಎಂದು 1877ರ ಸುಮಾರಿಗೆ ಬ್ರಿಟಿಷರ ಅರಣ್ಯ ಇಲಾಖೆಯೇ ಬೀಜ ತರಿಸಿತು. ಸರ್ಕಾರ ತಂದಿದ್ದನ್ನು ತೆಗೆಯಲು ಸರ್ಕಾರವೂ ಸ್ವಲ್ಪ ಕೈ ಹಚ್ಚಬಹುದು, ಅಲ್ವಾ?

ಕೊಡಲಿಯಿಂದ ಕಡಿದರೆ ಪ್ರಯೋಜನವಿಲ್ಲ. ಒಂದು ಕಾಂಡ ಇದ್ದಲ್ಲಿ ಬುಡದಿಂದ ನಾಲ್ಕಾರು ಚಿಗುರು ಏಳುತ್ತವೆ. ಹಾರೆ, ಗುದ್ದಲಿ ಹಿಡಿದು ನೆಲದ ಕೆಳಗಿನ ಬುಡವನ್ನೇ ತೆಗೆಯಬೇಕು. ಕಾಯಿ ಸಿಹಿ, ಆಡು ಕುರಿಗಳಿಗೆ ಇಷ್ಟ. ತಿಂದ ಬೀಜ ಹೊಟ್ಟೆಯಲ್ಲಿ ಸಾಯುವುದಿಲ್ಲ, ಹಿಕ್ಕೆಯ ಜೊತೆ ಬಿದ್ದು ಅಲ್ಲೇ ಮೊಳೆಯುತ್ತದೆ. ಹಾಗಾಗಿ ನದಿ ಇಳಿದಾಗ ಗಡ್ಡಿಗೆ ಕುರಿ ದಾಟಿಸಬಾರದು ಎಂದು ಊರಲ್ಲೇ ಮಾತಾಡಿಕೊಂಡಿದ್ದೇವೆ. ಇದಕ್ಕೆ ಒಪ್ಪಿದ ಕುರಿಗಾರರಿಗೇ ಜಾಸ್ತಿ ನಷ್ಟ. ಅವರನ್ನು ಯಾರೂ ಹೊಗಳಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆದರೂ ಪ್ರವಾಹ ಬಂದಾಗ ಮೇಲಿನಿಂದ ಬೀಜ ತೇಲಿ ಬರುತ್ತದೆ. ಸುತ್ತ ನೀರಿದೆ ಎಂದು ಸುಮ್ನೆ ಕೂರುವಂತಿಲ್ಲ. ನ್ಯೂಜಿಲೆಂಡಿನ ಉಲ್ವ ದ್ವೀಪದಲ್ಲಿ ಹಕ್ಕಿಗಳನ್ನು ಉಳಿಸಲು 1997ರ ಹೊತ್ತಿಗೆ ಇಲಿಗಳನ್ನೆಲ್ಲ ತೆಗೆದಿದ್ದರು. ಕೆಲವು ವರ್ಷಗಳ ಮೇಲೆ ಇಲಿ ಮತ್ತೆ ಕಾಣಿಸಿತು, 2011ರಲ್ಲಿ ಮತ್ತೆ ತೆಗೆಯಬೇಕಾಯಿತು. ಸಮುದ್ರದ ನಡುವಿನ ದ್ವೀಪಕ್ಕೇ ಹೀಗಾದರೆ, ವರ್ಷವರ್ಷ ನೆರೆ ಬರುವ ನಮ್ಮ ಗಡ್ಡಿಯ ಪಾಡೇನು? ಪ್ರತಿ ವರ್ಷ ಹೋಗಿ ಎಳೆಯ ಸಸಿ ಕಿತ್ತು ಬರಲೇಬೇಕು. ಒಂದು ಸಲ ಟೆಂಡರ್ ಕರೆದು, ಬಿಲ್ ಮಾಡಿ ಮುಗಿಸುವ ಕೆಲಸ ಅಲ್ಲ.

ಜೆಸಿಬಿ ಕಳಿಸುತ್ತೇವೆ ಎಂದು ಯಾರಾದರೂ ನಿಮಗೆ ಹೇಳಿದರೆ ಒಪ್ಪಬೇಡಿ. ಯಂತ್ರಕ್ಕೆ ಬಳ್ಳಾರಿ ಜಾಲಿ ಯಾವುದು, ನಮ್ಮ ಕರಿಜಾಲಿ ಯಾವುದು ಗೊತ್ತಾಗುವುದಿಲ್ಲ. ಇನ್ನೊಂದು ಮಾತು, ನಿಮಗೂ ಗೊತ್ತಿರುವುದೇ. ಜೆಸಿಬಿ ದಾಟಲು ದಾರಿ ಮಾಡಿದರೆ ಅದೇ ದಾರಿಯಲ್ಲಿ ಟ್ರ್ಯಾಕ್ಟರ್ ಬರುತ್ತದೆ. ಜಾಲಿಗಿಂತ ಮೊದಲು ಮರಳೇ ಖಾಲಿಯಾಗುತ್ತದೆ.

ನಾವು ಕೇಳುವುದು ಇಷ್ಟೇ. ಈ ಕೆಲಸವನ್ನು ಉದ್ಯೋಗ ಖಾತ್ರಿಯಲ್ಲಿ ಸೇರಿಸಿಕೊಡಿ. ಈಗ ಕೂಲಿ ಬಿಟ್ಟು ಬರುವವರು ಎಷ್ಟು ದಿನ ಬಂದಾರು? ಹಕ್ಕಿ ಮೊಟ್ಟೆ ಇಡುವ ಮೊದಲೇ ಕೆಲಸ ಮುಗಿಯಬೇಕು. ಅದಕ್ಕೆ ನದಿ ಇಳಿಯುತ್ತಿದ್ದಂತೆ ಚಳಿಗಾಲದಲ್ಲೇ ಶುರು ಮಾಡಲು ಮಂಜೂರಾತಿ ಬೇಕು, ಮಾರ್ಚ್ ಕೊನೆಗೆ ಬಂದರೆ ಉಪಯೋಗವಿಲ್ಲ. ಕಿತ್ತ ಕಟ್ಟಿಗೆ ಕಿತ್ತವರಿಗೇ ಸಿಗಲಿ. ಖಾಲಿಯಾದ ಮರಳಿನ ಮೇಲೆ ವನಮಹೋತ್ಸವ ಅಂತ ಸಸಿ ನೆಡಿಸಬೇಡಿ, ಆ ಹಕ್ಕಿಗೆ ಬೇಕಿರುವುದು ಬಯಲೇ.

ತಹಶೀಲ್ದಾರರನ್ನೂ ಅರಣ್ಯ ಇಲಾಖೆಯವರನ್ನೂ ಒಮ್ಮೆ ಕಳಿಸಿ. ಯಾವ ಗಿಡ ತೆಗೆಯಬೇಕು, ಯಾವುದು ಬಿಡಬೇಕು ಎಂದು ಸ್ಥಳದಲ್ಲೇ ಗುರುತು ಹಾಕೋಣ. ತೆಪ್ಪದ ವ್ಯವಸ್ಥೆ ನಮ್ಮದು.

ಇಂತಿ,
ಹುಣಸಗಿ ತಾಲ್ಲೂಕಿನ ನದಿದಂಡೆಯ ಊರಿನವನು