ಎಲ್ಲಕ್ಕೂ ‘ಅಸ್ತವ್ಯಸ್ತ’ ಒಂದೇ ಏಕೆ?

ಮಾನ್ಯ ಸಂಪಾದಕರೇ,

ಮಲೆನಾಡಿಗೆ ಮಳೆ ಹಿಡಿಯಿತೆಂದರೆ ‘ಜನಜೀವನ ಅಸ್ತವ್ಯಸ್ತ’ ಎಂಬ ತಲೆಬರಹ ನಮ್ಮ ಪತ್ರಿಕೆಗಳಲ್ಲಿ ತಪ್ಪುವುದಿಲ್ಲ. ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದರೂ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ವಾಹನಗಳು ಸಿಕ್ಕಿಕೊಂಡರೂ ಅದೇ ಶಬ್ದ. ಈ ವಿಷಯದಲ್ಲಿ ಇಂಡೊನೇಷ್ಯಾದವರ ಆಡುನುಡಿಯನ್ನು ಗಮನಿಸಬೇಕೆಂದು ಕನ್ನಡದ ಮೇಲಿನ ಕಾಳಜಿಯಿಂದಲೇ ಬರೆಯುತ್ತಿದ್ದೇನೆ.

ಅಲ್ಲಿ ಸಾಮಾನು ಹರಡಿಬಿದ್ದ ಕೋಣೆ ‘ಬೆರಂತಾಕನ್’, ಬಾಚದ ತಲೆಗೂದಲು ‘ಅಚಾಕ್-ಅಚಾಕನ್’, ಎಲ್ಲೆಂದರಲ್ಲಿ ನುಗ್ಗುವ ವಾಹನ ಸಂಚಾರ ‘ಸೆಮ್ರಾವುತ್’, ಹೇಳುವವರು ಕೇಳುವವರಿಲ್ಲದ ಆಡಳಿತ ‘ಅಂಬುರಾದುಲ್’, ಹದಗೆಟ್ಟ ಹಣಕಾಸು ‘ಮೊರಾತ್-ಮಾರಿತ್’. ಭೂಕಂಪದಿಂದ ನೆಲಸಮವಾದ ಊರಿಗಾದರೆ ‘ಪೊರಾಕ್-ಪೊರಾಂದ’ ಎಂಬ ಗಂಭೀರವಾದ ಮಾತೇ ಬೇಕು. ಮನೆ ತೀರಾ ಹರಡಿಕೊಂಡಿದ್ದರೆ ಒಡೆದ ಹಡಗಿನಂತಿದೆ ಎನ್ನುವುದೂ ರೂಢಿ. ಸಮುದ್ರವನ್ನೇ ನಂಬಿ ಬದುಕಿದ ದ್ವೀಪಗಳ ಜನರಿಗೆ ಅದು ಸಹಜ. ಇವುಗಳಲ್ಲಿ ಸೆಮ್ರಾವುತ್, ಅಂಬುರಾದುಲ್ ಎರಡೂ ಜಾವಾ ಭಾಷೆಯಿಂದ ಬಂದವು. ಆದರೂ ಅವು ಪತ್ರಿಕೆಗಳಲ್ಲಿ ಸಂಕೋಚವಿಲ್ಲದೆ ಬಳಕೆಯಾಗುತ್ತವೆ. 1988ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಅಲ್ಲಿನ ಅಧಿಕೃತ ಬೃಹತ್ ನಿಘಂಟು ಆಡುಮಾತುಗಳನ್ನು ಹೊರಗಿಡದೆ, ಅವು ಆಡುಮಾತುಗಳೆಂಬ ಗುರುತಿನೊಂದಿಗೆ ಸೇರಿಸಿಕೊಳ್ಳುತ್ತದೆ.

ನಮಗೇನು ಕೊರತೆ? ಅಂಗಳದ ಅಡಿಕೆ ಚೆಲ್ಲಾಪಿಲ್ಲಿಯಾಗುತ್ತದೆ, ದನಗಳು ದಿಕ್ಕಾಪಾಲಾಗುತ್ತವೆ, ರಸ್ತೆ ರಾಡಿಯಾಗುತ್ತದೆ, ಲೆಕ್ಕ ಕಲಸುಮೇಲೋಗರವಾಗುತ್ತದೆ, ಒಳ್ಳೆಯ ಕೆಲಸವನ್ನು ಯಾರೋ ಲಗಾಡಿ ತೆಗೆಯುತ್ತಾರೆ. ಸಾಗರದ ಕಡೆಯ ಹವ್ಯಕರ ಮನೆಗಳಲ್ಲಿ ‘ಹರಗಣ’ (ಸಾಮಾನೆಲ್ಲ ಹರಡಿಕೊಂಡಿರುವುದು) ಎಂದೊಡನೆ ಕಣ್ಣಿಗೆ ಕಟ್ಟುವ ಚಿತ್ರವನ್ನು ಯಾವ ಸಂಸ್ಕೃತ ಪದವೂ ಕೊಡಲಾರದು. ಅಡ್ಡಾದಿಡ್ಡಿ, ಎರ್ರಾಬಿರ್ರಿಗಳನ್ನು ಕೇಳಿದರೆ, ದನಿಯನ್ನು ತುಸು ಬದಲಿಸಿ ಮರುಕಳಿಸುವ ಮೊರಾತ್-ಮಾರಿತ್‌ನ ಜಾಡು ನಮ್ಮಲ್ಲೂ ಇದೆಯೆಂದು ತಿಳಿಯುತ್ತದೆ. ಇಂತಹ ಮಾತುಗಳು ವರದಿಗೆ ತಕ್ಕವಲ್ಲವೆಂಬ ಭಾವನೆ ಸರಿಯಲ್ಲ. ರಾಡಿಯಾದ ರಸ್ತೆಗೂ ಕುಸಿದ ರಸ್ತೆಗೂ ಇರುವ ವ್ಯತ್ಯಾಸ ಓದುಗನಿಗೆ ತಿಳಿಯಬೇಕಾದರೆ ಅವೇ ಬೇಕು.

ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಶಾಸನ, ಕಾವ್ಯಗಳಿಂದ ಪದಗಳನ್ನು ಹೆಕ್ಕಿಕೊಟ್ಟ ಮಹತ್ತರ ಕೆಲಸ. ಇನ್ನು ಬಾಯಿಮಾತಿನ ಸರದಿ. ಕುವೆಂಪು ವಿಶ್ವವಿದ್ಯಾಲಯದ ಕನ್ನಡ ವಿದ್ಯಾರ್ಥಿಗಳು ತೀರ್ಥಹಳ್ಳಿ, ಹೊಸನಗರ, ಸಾಗರಗಳ ಹಿರಿಯರನ್ನು ಕಂಡು, ಯಾವ ಊರಿನಲ್ಲಿ ಯಾವುದಕ್ಕೆ ಯಾವ ಮಾತು ಎಂದು ಬರೆದುಕೊಳ್ಳಬಹುದು. ತಾವು ತಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಇಂತಹ ಪದಗಳಿಗೆ ಸ್ವಲ್ಪ ಜಾಗ ಕೊಟ್ಟು, ಸ್ಥಳೀಯ ವರದಿಗಾರರು ಅವುಗಳನ್ನು ಬಳಸಿ ಬರೆದಾಗ ತಿದ್ದದೆ ಉಳಿಸಿಕೊಳ್ಳಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ನಿವೃತ್ತ ಕನ್ನಡ ಉಪನ್ಯಾಸಕ, ಸಾಗರ