ಪತ್ತನಾಜೆಯೊಳಗೆ ಟೀಚರ್ ಲೈಬ್ರರಿಯ ಮಾಡು (ಚಾವಣಿ) ಸರಿಯಾಗಬೇಕು

ಆತ್ಮೀಯರೇ,

ಕಾಪುವಿನ ನಮ್ಮ ವಾಚನಾಲಯಕ್ಕೆ ಬೋರ್ಡಿನಲ್ಲಿ ಬೇರೆ ಹೆಸರಿದ್ದರೂ ಊರವರ ಬಾಯಲ್ಲಿ ಅದು ‘ಟೀಚರ್ ಲೈಬ್ರರಿ’. ಪ್ರೈಮರಿ ಶಾಲೆಯಲ್ಲಿ ಕನ್ನಡ ಕಲಿಸಿದ ಟೀಚರ್ ತಮ್ಮ ಮನೆಯ ಚಾವಡಿಯಲ್ಲೇ ಇದನ್ನು ಶುರು ಮಾಡಿದರು. ಪತ್ರಿಕೆಗಳಿಗೆ ಕತೆ ಬರೆಯುತ್ತಿದ್ದರು. ಸಂಭಾವನೆಯ ಮನಿಯಾರ್ಡರ್ ಬಂತೆಂದರೆ ಆ ವಾರ ಹೊಸ ಪುಸ್ತಕವೂ ಬರುತ್ತಿತ್ತು.

ಅವರ ಮೊದಲ ಓದುಗರು ಬೀಡಿ ಕಟ್ಟುವ ಹೆಂಗಸರು. ಬೀಡಿ ಕಂಪನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಟ್ಟು, ಎಲೆ, ಹೊಗೆಸೊಪ್ಪು ತೆಗೆದುಕೊಂಡು ಹೋಗುವಾಗ ಅದೇ ಚೀಲದಲ್ಲಿ ಒಂದು ಕಾದಂಬರಿಯೂ ಹೋಗುತ್ತಿತ್ತು. ಠೇವಣಿ ಇಲ್ಲ, ದಂಡ ಇಲ್ಲ. ವಾಪಸ್ ಬಂದ ಪುಸ್ತಕಕ್ಕೆ ಹೊಗೆಸೊಪ್ಪಿನ ವಾಸನೆ ಇದ್ದರೆ ಟೀಚರಿಗೆ ಖುಷಿ. ಸುಮ್ನೆ ಇಟ್ಟುಕೊಂಡದ್ದಲ್ಲ, ಓದಿದ್ದಾರೆ ಅಂತ ಲೆಕ್ಕ.

ಹೆಂಗಸರು ಬರೆದದ್ದನ್ನು ಹುಡುಕಿ ತರುವುದು ಅವರ ಹಟ. ‘ಗಿರಿಬಾಲೆ’ ಹೆಸರಿನಲ್ಲಿ ಬರೆದ ಉಡುಪಿಯ ಸರಸ್ವತಿಬಾಯಿ ರಾಜವಾಡೆ, ಮಂಗಳೂರಿನ ಸಾರಾ ಅಬೂಬಕ್ಕರ್, ಕುಂದಾಪುರದ ವೈದೇಹಿ, ಇಂಥವರಿಗೇ ಒಂದು ಇಡೀ ಕಪಾಟು. ಸಾರಾ ಅವರ ಮೊದಲ ಕಾದಂಬರಿ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಟೀಚರ್ ಕಂತುಗಳನ್ನು ಕತ್ತರಿಸಿ, ಹೊಲಿದು ಇಟ್ಟಿದ್ದರು. ಆ ಕಟ್ಟು ಈಗಲೂ ಇದೆ. ರಾಜವಾಡೆಯವರು ಹೊರಡಿಸುತ್ತಿದ್ದ ‘ಸುಪ್ರಭಾತ’ ಪತ್ರಿಕೆಯ ಕೆಲವು ಹಳೆ ಸಂಚಿಕೆಗಳೂ ಇವೆ.

ಕಷ್ಟ ಬಂದಿರುವುದು ಇವಕ್ಕೇ. ಕಳೆದ ಮಳೆಗಾಲದಲ್ಲಿ ಮಾಡಿನ ಮರದ ಪಕ್ಕಾಸು ಕುಂಬಾಗಿ, ಅಂದರೆ ಕೊಳೆತು, ಹಂಚು ಜಾರಿತು. ನೀರು ನೇರ ಆ ಕಪಾಟಿಗೇ ಇಳಿಯಿತು. ಬೂಷ್ಟು ಹಿಡಿದಿದೆ, ಗೆದ್ದಲೂ ಕಾಣಿಸಿದೆ.

ಟೀಚರ್ ತೀರಿಕೊಂಡ ಮೇಲೆ ಪುತ್ಥಳಿ ಮಾಡೋಣ ಎಂದವರಿದ್ದರು. ನಮಗೆ ಅದು ಬೇಡವೆನಿಸಿತು. ಅಪರೂಪದ ಪುಸ್ತಕಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿ ಎಂಬ ಸಲಹೆಯೂ ಬಂತು. ಓದಲು ಕೊಡದ ಮೇಲೆ ಲೈಬ್ರರಿ ಯಾಕೆ, ಅಲ್ವಾ? ಹಳೆ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಸುತ್ತೇವೆ. ಉಳಿದವನ್ನು ಬೈಂಡ್ ಮಾಡಿಸಿ ಮೊದಲಿನ ಹಾಗೇ ಮನೆಗೆ ಕೊಡುತ್ತೇವೆ.

ಅದಕ್ಕೆ ಮೊದಲು ಮಾಡು ಸರಿಯಾಗಬೇಕು. ಮೇ ತಿಂಗಳ ಕೊನೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಪತ್ತನಾಜೆ ಬರುವುದರೊಳಗೆ ಆ ಕೆಲಸ ಮುಗಿಯಬೇಕು, ಆಮೇಲೆ ಮಳೆ ನಮ್ಮನ್ನು ಕೇಳಿ ಬರುವುದಿಲ್ಲ. ಪಕ್ಕಾಸು, ರೀಪು, ಹಂಚು, ಕೂಲಿ ಎಲ್ಲ ಸೇರಿ ಸುಮಾರು 2 ಲಕ್ಷ ರೂಪಾಯಿ ಬೇಕು. 300 ರೂಪಾಯಿಗೆ ಒಂದು ಪುಸ್ತಕ ಹೊಸ ಬೈಂಡ್ ಕಾಣುತ್ತದೆ. ಮುಂಬಯಿ, ದುಬೈಯಲ್ಲಿರುವ ಊರವರು ಟ್ರಸ್ಟಿನ ಖಾತೆಗೆ ಹಾಕಬಹುದು. ಊರಲ್ಲಿರುವವರು ಸಂಜೆ ಲೈಬ್ರರಿಗೇ ಬಂದು ಕೊಡಿ, ರಶೀದಿ ಕೇಳಿ ಪಡೆಯಿರಿ. ಮರದ ಕೆಲಸ ಗೊತ್ತಿರುವವರು ಒಂದು ದಿನ ಬಂದು ಮಾಡಿಕೊಟ್ಟರೂ ಅದು ದೇಣಿಗೆಯೇ.

ಪುಸ್ತಕಗಳನ್ನೂ ತೆಗೆದುಕೊಳ್ಳುತ್ತೇವೆ. ಹಳೆ ಗೈಡು, ಪಠ್ಯಪುಸ್ತಕ ಮಾತ್ರ ದಯವಿಟ್ಟು ಬೇಡ. ಅವು ನಮ್ಮಲ್ಲೇ ಜಾಸ್ತಿ ಇವೆ.

ಲೈಬ್ರರಿ ಟ್ರಸ್ಟಿನ ಪರವಾಗಿ